ಒಂದೂವರೆ ಪಟ್ಟು

ಎರಡು ದಿನ ಇಟ್ಕೊ ಅಂತ ಕೊಟ್ಟು ಹೋಗಿದ್ದಾನೆ ಗಂಗಿರೆಡ್ಡಿ.
ಫುಲ್ ಫ್ರೇಮ್. ಹೆಬ್ಬೆರಳು ಕೂರುವಲ್ಲಿ ರಬ್ಬರು ಸವೆದು ನುಣ್ಣಗಾಗಿದೆ,
ಒಂದು ಲಕ್ಷ ನಲವತ್ತು ಸಾವಿರ ಸಲ ಕಣ್ಣು ಮಿಟುಕಿಸಿದ ಮಿಷೀನು.
'ಎಪ್ಪತ್ತೆರಡು ಸಾವಿರ, ನಿನಗೆ ಅಂತ ಈ ರೇಟು.
ನನಗಿನ್ನು ಮದುವೆಗಳು ಸಾಕಪ್ಪ, ಸೊಂಟ ಹೋಯ್ತು.'

ನಮ್ಮ ಶಿಡ್ಲಘಟ್ಟದಲ್ಲಿ ಗೂಡು ಕೊಳ್ಳುವವರು
ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.
ಒಳಗಿನ ಹುಳ ಗಡಗಡ ಅಂದರೆ ಸರಿ,
ಕರಗಿ ಅಂಟಿದ್ದರೆ ಬೇಡ.
ನಾನೂ ಅಂಗಡಿಯ ಶಟರ್ ಇಳಿಸಿ
ಕ್ಯಾಮೆರಾದ ಶಟರಿಗೆ ಕಿವಿಗೊಟ್ಟೆ.
ನನ್ನದು ಟಕ್ ಅನ್ನುತ್ತದೆ, ಮನೆಗೆ ಹೊರಟ ಗುಮಾಸ್ತನ ಮೊಹರಿನ ಹಾಗೆ.
ಇದು ಥಪ್.
ಒದ್ದೆ ಮಣ್ಣಿಗೆ ಹುಣಸೆಹಣ್ಣು ಬಿದ್ದ ಹಾಗೆ.

ಲೆಕ್ಕ ಹಾಕಿದೆ.
ನನ್ನ ಲೆನ್ಸುಗಳಲ್ಲಿ ಐವತ್ತರದೊಂದೇ ಇದಕ್ಕೆ ಸರಿ,
ಉಳಿದ ಮೂರು ಹಾಕಿದರೆ ನಾಲ್ಕೂ ಮೂಲೆಗೆ ಕತ್ತಲು,
ದೊಡ್ಡ ತಲೆಗೆ ಕೂಸಿನ ಕುಲಾವಿ.
ಪಾಸ್‌ಪೋರ್ಟ್ ಸೈಜು ಎಂಟಕ್ಕೆ ಅರವತ್ತು ರೂಪಾಯಿ.
ಅಂದರೆ ಸಾವಿರದ ಇನ್ನೂರು ಮುಖ, ಎರಡೂ ಕಿವಿ ಕಾಣುವಂತೆ.
ನಾಗವೇಣಿ ಚೀಟಿ ಎತ್ತಿದ ದುಡ್ಡು ಬೀರುವಿನಲ್ಲಿದೆ,
ಅದು ಅವಳ ಬಲಗಡೆಯ ದವಡೆ ಹಲ್ಲುಗಳದು.
'ನಾನು ಎಡಗಡೆಯಲ್ಲಿ ಅಗೀತೀನಿ, ನೀವು ತಗೊಳ್ಳಿ' ಅನ್ನುತ್ತಾಳೆ.
ಹಾಗಂದ ಮೇಲೆ ಯಾರಾದರೂ ಹೇಗೆ ತಗೊಳ್ಳುತ್ತಾರೆ?

ನನ್ನ ಹಳೆಯದು ಎಲ್ಲವನ್ನೂ ಒಂದೂವರೆ ಪಟ್ಟು ಹತ್ತಿರ ತರುತ್ತದೆ.
ಹತ್ತಿರ ಅನ್ನುವುದು ಸುಳ್ಳು,
ಸುತ್ತಲೂ ಕತ್ತರಿಸುತ್ತದೆ ಅಷ್ಟೆ.
ಎಂಟು ವರ್ಷದಲ್ಲಿ ನನ್ನ ಕಣ್ಣೂ ಕತ್ತರಿ ಹಿಡಿಯಲು ಕಲಿಯಿತು.
ನಾಮಕರಣದ ಕೋಣೆಗಳಲ್ಲಿ ಬೆನ್ನಿಗೆ ಬೀರು ತಾಗುವ ತನಕ ಹಿಂದೆ ಸರಿದು
ಇನ್ನು ಜಾಗವಿಲ್ಲ ಅಂದಾಗ,
'ಅಕ್ಕಾ, ಸ್ವಲ್ಪ ಆಚೆ ನಿಂತ್ಕೊಳಿ.'
ಪ್ರತಿ ಮನೆಯಲ್ಲೂ ಯಾರೋ ಒಬ್ಬಳು ಅಕ್ಕ.
ನಗುತ್ತಲೇ ಸರಿಯುತ್ತಾಳೆ, ಅಭ್ಯಾಸವಿದ್ದವಳಂತೆ.

ನಿನ್ನೆ ಇದನ್ನು ಇನಾಯತ್‌ನ ರೀಲಿಂಗ್ ಶೆಡ್ಡಿಗೆ ಒಯ್ದೆ.
ಕರೆಂಟಿಲ್ಲ. ಬೇಸಿನ್ನುಗಳ ಹಬೆ, ಬೆಂದ ಹುಳದ ವಾಸನೆ,
ತಗಡಿನ ತೂತಿನಿಂದ ಇಳಿದ ಒಂದೇ ಒಂದು ಕೋಲು ಬಿಸಿಲು.
ನನ್ನದರಲ್ಲಾದರೆ ಫೋಟೋ ತುಂಬ ರಾಗಿ ಚೆಲ್ಲಿದ ಹಾಗೆ ಕಾಳುಕಾಳು.
ಇದರಲ್ಲಿ ಕತ್ತಲು ಕತ್ತಲಾಗಿಯೇ ಉಳಿಯಿತು,
ಒಡೆಯದೆ, ಕೆನೆಗಟ್ಟಿ.
ಜೈಬುನ್ನೀಸಾಳ ಬೆರಳ ತುದಿಗಳು ಬಿಸಿನೀರಿಗೆ ಬೆಳ್ಳಗೆ ಮುದುಡಿ,
ಅವುಗಳ ನಡುವೆ ನನ್ನ ಬರಿಗಣ್ಣಿಗೆ ಕಾಣದಿದ್ದ ಎಳೆ.

ಅವಳ ಮುಖ ಹೋದ ವರ್ಷದಿಂದ ಸ್ಟುಡಿಯೋದ ಗೋಡೆಯಲ್ಲಿದೆ,
ಬಂದವರೆಲ್ಲ ಮೆಚ್ಚಿದ್ದು.
ಅದೇ ಬಾಗಿಲು, ಅದೇ ಐವತ್ತರ ಲೆನ್ಸು, ಅದೇ ಜಾಗ.
ಈ ಸಲ ಎಡದ ಅಂಚಿನಲ್ಲಿ
ಮಗುಚಿದ ಗೂಡಿನ ಕ್ರೇಟಿನ ಮೇಲೆ ಪುಸ್ತಕವಿಟ್ಟು
ಮಗ್ಗಿ ಬರೆಯುತ್ತಿರುವ ಹುಡುಗಿ.
'ಇವಳು ಯಾವಾಗಿಂದ ಬರ್ತಾ ಇದಾಳೆ?'
'ಯಾವಾಗ್ಲೂ ಇಲ್ಲೇ ಕೂರ್ತಾಳಲ್ಲ ಸಾರ್.
ಅಡ್ಡ ಬರ್ತಾಳೆ ಅಂತ ಹೋದ ಸಲ ನೀವೇ ಎಬ್ಬಿಸಿದ್ರಿ.'

ನೆನಪಿಲ್ಲ. ಎಬ್ಬಿಸಿರಬೇಕು.

ರಾತ್ರಿ ಹಳೆಯದನ್ನು ಹೊರತೆಗೆದು ಒರೆಸಿದೆ.
ಅದರದೇನು ತಪ್ಪು, ಪಾಪ.
ಎರಡು ಹೆಜ್ಜೆ ಹಿಂದೆ ಹೋಗಿ ಹೊಸ್ತಿಲಾಚೆ ನಿಂತಿದ್ದರೆ
ಅದರೊಳಗೂ ಬರುತ್ತಿದ್ದಳು.
ಹೊಸ್ತಿಲಾಚೆ ಚರಂಡಿ ಇದೆ, ಅದು ಬೇರೆ ಮಾತು.

ಬೆಳಿಗ್ಗೆ ಗಂಗಿರೆಡ್ಡಿಯ ಫೋನು. 'ಏನ್ ಮಾಡ್ದೆ?'
'ಅರವತ್ತು' ಅಂದೆ.
ಆ ಕಡೆ ಚಿಕ್ಕಬಳ್ಳಾಪುರದ ಯಾವುದೋ ಬಸ್ಸಿನ ಹಾರನ್ನು,
ಆಮೇಲೆ ಉಸಿರು.
'ಅರವತ್ತೆಂಟು. ಇನ್ನೊಂದು ಬ್ಯಾಟರಿ ಕೊಡ್ತೀನಿ.'
ಅಡುಗೆಮನೆಯ ಬಾಗಿಲಲ್ಲಿ ಅರ್ಧ ಕಾಣುವ ಹಾಗೆ ನಿಂತು
ನಾಗವೇಣಿ ಎಡಗಡೆಯಲ್ಲಿ ಮೆಲ್ಲಗೆ ಅಗಿಯುತ್ತಿದ್ದಳು.
'ಮೊದಲು ಹಲ್ಲು' ಅಂದುಬಿಟ್ಟೆ ಫೋನಿಗೆ.
'ಏನು?' ಅಂದ ಗಂಗಿರೆಡ್ಡಿ.
'ಏನಿಲ್ಲ. ಇನ್ನೊಂದು ದಿನ ನನ್ನ ಹತ್ತಿರ ಇರಲಿ,
ಹದಿಮೂರರ ಮಗ್ಗಿಯಲ್ಲಿದ್ದಳು ಆ ಹುಡುಗಿ.'